ಕಾಲೇಜ್ ಕೌನ್ಸೆಲರ್ ಕೈಲಿ ಏನಾಗತ್ತೆ, ಏನಕ್ಕೆ ಆಸ್ಪತ್ರೆಗೇ ಹೋಗ್ಬೇಕು

ರಾತ್ರಿಯೆಲ್ಲ ನಿದ್ದೆ ಇಲ್ದೆ, ಬೆಳಗ್ಗೆ ಎದ್ದು ಕ್ಲಾಸಿಗೆ ಹೋಗಕ್ಕೂ ಆಗ್ದೆ ಹಾಸ್ಟೆಲ್ ಮಂಚದ ಮೇಲೇ ಬಿದ್ಕೊಂಡಿರೋರಿಗೆ ಇದು. ಸಾಯ್ಬೇಕು ಅನ್ನೋ ಯೋಚ್ನೆ ಬರ್ತಿದ್ರೆ ಮುಂದೆ ಓದ್ಬೇಡಿ, ಈಗ್ಲೇ ರೂಮ್‌ಮೇಟ್‌ನ ಎಬ್ಸಿ "ನನ್ನ ಒಬ್ಬನ್ನೇ ಬಿಡ್ಬೇಡ" ಅಂತ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, 24 ಗಂಟೆನೂ ಇರತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ತಡ್ಕೊಳ್ಳೋಕೇ ಆಗ್ತಿಲ್ಲ ಅಂದ್ರೆ ಸೀದಾ ಹತ್ತಿರದ ದೊಡ್ಡಾಸ್ಪತ್ರೆ ಎಮರ್ಜೆನ್ಸಿಗೆ ಹೋಗಿ.

ನಾನು ಥರ್ಡ್ ಸೆಮ್‌ನಲ್ಲಿ ಎರಡು ತಿಂಗಳು ಕಾಲೇಜ್ ಕೌನ್ಸೆಲಿಂಗ್ ಒಂದನ್ನೇ ನಂಬ್ಕೊಂಡು ಕೂತಿದ್ದೆ. ಮೇಡಮ್ ಒಳ್ಳೆಯವ್ರೇ, ಆದ್ರೆ ಬರ್ತಿದ್ದಿದ್ದು ವಾರಕ್ಕೊಂದಿನ, ರೂಮ್ ಇದ್ದಿದ್ದು ಎಕ್ಸಾಮ್ ಸೆಕ್ಷನ್ ಪಕ್ಕ, ಹೊರಗೆ ಪ್ಲಾಸ್ಟಿಕ್ ಚೇರಲ್ಲಿ ಕೂತಿದ್ರೆ ಮಾರ್ಕ್ಸ್ ಕಾರ್ಡ್ ತಗೊಳ್ಳೋಕೆ ಬಂದೋರೆಲ್ಲ ಮುಖ ನೋಡ್ಕೊಂಡು ಹೋಗೋರು.

ಹಂಗಂತ ಹೋಗ್ಲೇಬೇಡಿ ಅಂತಲ್ಲ. ಮೊದಲ್ನೇ ದಿನಾನೇ, ಕಷ್ಟ ಹೇಳ್ಕೊಳ್ಳೋ ಮುಂಚೆ ಕೇಳ್ಬಿಡಿ: "ನಾನ್ ಹೇಳಿದ್ದನ್ನ ಎಚ್‌ಒಡಿಗೋ ಮನೆಗೋ ಹೇಳ್ತೀರಾ, ಯಾವಾಗ ಹೇಳ್ತೀರಾ?" ಜೀವಕ್ಕೇ ಅಪಾಯ ಅನ್ಸಿದ್ರೆ ಅವ್ರು ಹೇಳ್ಬೇಕಾಗತ್ತೆ, ಅದು ಸರಿನೇ, ಬಾಕಿದ್ದೆಲ್ಲ ಅವರ ಹತ್ರಾನೇ ಉಳೀಬೇಕು. ನಿಮ್ ಕಾಲೇಜಲ್ಲಿ ಕೌನ್ಸೆಲರೇ ಇಲ್ಲ ಅಂದ್ರೆ ನಾಲ್ಕೈದು ಜನ ಸೇರಿ ಪ್ರಿನ್ಸಿಪಾಲ್‌ಗೆ ಲೆಟರ್ ಕೊಡಿ, 100 ಇಲ್ಲಾ ಅದಕ್ಕಿಂತ ಜಾಸ್ತಿ ಸ್ಟೂಡೆಂಟ್ಸ್ ಇರೋ ಕಡೆ ಕ್ವಾಲಿಫೈಡ್ ಕೌನ್ಸೆಲರೋ, ಸೈಕಾಲಜಿಸ್ಟೋ, ಸೋಶಿಯಲ್ ವರ್ಕರೋ ಒಬ್ರಾದ್ರೂ ಇರ್ಬೇಕು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲೇ ಹೇಳಿದೆ.

ಆದ್ರೆ ಕೌನ್ಸೆಲರ್ ಮಾತ್ರೆ ಬರ್ಕೊಡಂಗಿಲ್ಲ. ಎರಡು ವಾರ ಆದ್ರೂ ಊಟ ಸೇರ್ತಿಲ್ಲ, ನಿದ್ದೆ ಹತ್ತುತ್ತಿಲ್ಲ ಅಂದ್ರೆ ಸೈಕಿಯಾಟ್ರಿಸ್ಟ್, ಅಂದ್ರೆ ಮನಸ್ಸಿನ ಕಾಯಿಲೆ ನೋಡೋ ಡಾಕ್ಟರ್ ಹತ್ರ ಹೋಗಿ. ಬೆಂಗಳೂರಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಅಂತ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆಗಳಿವೆ, ಬೇರೆ ಊರಲ್ಲಿ ಜಿಲ್ಲಾಸ್ಪತ್ರೆಲಿ ವಿಚಾರಿಸಿ. ನಿಮ್ಹಾನ್ಸ್ ಅಂದ್ರೆ "ಹುಚ್ಚಾಸ್ಪತ್ರೆ" ಅನ್ನೋ ಮಾತು ಕೇಳೇ ಎಷ್ಟೋ ಜನ ಹೋಗಲ್ಲ, ನಾನೂ ಹೋಗಿರ್ಲಿಲ್ಲ. ಕೊನೆಗೆ ನನ್ ರೂಮ್‌ಮೇಟ್ ಬೆಳಗ್ಗೆ ಆರಕ್ಕೇ ಎಬ್ಸಿ ಬಸ್ ಹತ್ತಿಸ್ದ, ಓಪಿಡಿ ಕ್ಯೂನಲ್ಲಿ ಅವನೇ ನಿಂತ, ಚೀಟಿ ಕೈಗೆ ಕೊಟ್ಟು ಇಡ್ಲಿ ತಿನ್ಸಿದ. ನೀವೂ ಒಬ್ರನ್ನ ಜೊತೆಗೆ ಕರ್ಕೊಂಡೇ ಹೋಗಿ. ಡಿಪ್ರೆಶನ್ ಮಾತ್ರೆ ಕೆಲಸ ಶುರು ಮಾಡಕ್ಕೆ ಎರಡರಿಂದ ನಾಲ್ಕು ವಾರ ಬೇಕಾಗ್ಬಹುದು, ನಾಲ್ಕು ದಿನಕ್ಕೇ ಏನೂ ಆಗಿಲ್ಲ ಅಂತ ನೀವಾಗೇ ನಿಲ್ಲಿಸ್ಬೇಡಿ, ಡಾಕ್ಟರ್‌ನ ಕೇಳಿ.

ಇನ್ನು ಕಾಲೇಜಿಂದ ನಿಜವಾಗ್ಲೂ ಆಗೋ ಕೆಲಸ ಅಂದ್ರೆ ಅಟೆಂಡೆನ್ಸ್, ಹಾಸ್ಟೆಲ್ ರೂಮ್ ಬದ್ಲಾವಣೆ, ಇಂಟರ್ನಲ್ಸ್ ಡೇಟು, ಇಂಥವು. ಇವಕ್ಕೆಲ್ಲ ಪೇಪರ್ ಬೇಕು. ಓಪಿಡಿ ಚೀಟಿ, ಪ್ರಿಸ್ಕ್ರಿಪ್ಶನ್ ಎಲ್ಲಾದ್ರದ್ದೂ ಫೋಟೋ ಇಟ್ಕೊಳ್ಳಿ, ಸರ್ಟಿಫಿಕೇಟಲ್ಲಿ ಕಾಯಿಲೆ ಹೆಸರು ಬೇಡ, ಟ್ರೀಟ್‌ಮೆಂಟ್ ನಡೀತಿದೆ ಅಂತ ಬರೆದ್ರೆ ಸಾಕಾ ಅಂತ ಡಾಕ್ಟರ್ ಹತ್ರ ಕೇಳಿ. ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟ್ ನೋಟಿಸ್ ಬೋರ್ಡಿಗೆ ಬಂದ್ಮೇಲೆ ಓಡಾಡಿದ್ರೆ ಕಷ್ಟ, ಸೆಮ್ ನಡುವೆನೇ ಎಚ್‌ಒಡಿಗೆ ಅರ್ಜಿ ಕೊಟ್ಟು ನಿಮ್ ಕಾಪಿ ಮೇಲೆ ತಾರೀಕು ಸಮೇತ ಸೀಲ್ ಹಾಕಿಸ್ಕೊಳ್ಳಿ.