ವೀಸಾದಲ್ಲಿದ್ದರೂ ವೋಟಿದೆ: ಬ್ರಿಟನ್ನಿನ ಚುನಾವಣೆಗೆ ಹೊಸ ಕನ್ನಡಿಗರ ಸಿದ್ಧತೆ

ಇಲ್ಲಿನ ಪಾಸ್‌ಪೋರ್ಟ್ ಕೈಗೆ ಬರುವವರೆಗೆ ಇಲ್ಲಿನ ಚುನಾವಣೆ ನಮಗೆ ಸಂಬಂಧಿಸಿದ್ದಲ್ಲ ಎಂದುಕೊಂಡು ವರ್ಷಗಟ್ಟಲೆ ಸುಮ್ಮನೆ ಕೂತ ಕನ್ನಡಿಗರು ಬ್ರಿಟನ್ನಿನ ಎಲ್ಲ ಊರಲ್ಲೂ ಸಿಗುತ್ತಾರೆ. ಹೊಸಬರು ಮೊದಲು ಬಿಡಬೇಕಾದ ತಪ್ಪು ತಿಳಿವಳಿಕೆ ಇದೇ. ಭಾರತ ಕಾಮನ್‌ವೆಲ್ತ್ ದೇಶ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಇಲ್ಲಿ ಕಾನೂನುಬದ್ಧವಾಗಿ ವಾಸವಿರುವ, 18 ತುಂಬಿದ ಯಾರೇ ಆಗಲಿ ಸಂಸತ್ತಿನ ಚುನಾವಣೆಗೂ ಸ್ಥಳೀಯ ಆಡಳಿತದ ಕೌನ್ಸಿಲ್ ಚುನಾವಣೆಗೂ ಮತ ಹಾಕಬಹುದು. ಸ್ಕಿಲ್ಡ್ ವರ್ಕರ್ ವೀಸಾ, ಸ್ಟೂಡೆಂಟ್ ವೀಸಾ, ಡಿಪೆಂಡೆಂಟ್ ವೀಸಾ ಯಾವುದಾದರೂ ಸರಿ. ಮಗಳ ಬಾಣಂತನಕ್ಕೆಂದು ವಿಸಿಟರ್ ವೀಸಾದಲ್ಲಿ ಬಂದ ಅಮ್ಮನಿಗೆ ಇದು ಅನ್ವಯಿಸುವುದಿಲ್ಲ, ಅವರು ಇಲ್ಲಿನ ನಿವಾಸಿಯಲ್ಲ. ಪಕ್ಕದ ಮನೆಯ ಫ್ರೆಂಚ್ ಅಥವಾ ಪೋಲಿಷ್ ಕುಟುಂಬ ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದರೂ ಬ್ರಿಟಿಷ್ ಪೌರತ್ವ ಪಡೆಯದೆ ಸಂಸತ್ತಿನ ಚುನಾವಣೆಗೆ ಮತ ಹಾಕುವಂತಿಲ್ಲ. ನಿಮಗೆ ಬಂದ ವರ್ಷವೇ ಆ ಹಕ್ಕಿದೆ. ಅದನ್ನು ಬಳಸಿದರೆ ನಿಮ್ಮ ಭಾರತೀಯ ಪೌರತ್ವಕ್ಕೇನೂ ಕುಂದಿಲ್ಲ.

ಹೆಸರು ಸೇರಿಸುವ ಕೆಲಸ ಸರ್ಕಾರದ ಗವ್ ಡಾಟ್ ಯುಕೆ ತಾಣದಲ್ಲಿ ಐದು ನಿಮಿಷದ್ದು. ವಿಳಾಸ, ಹುಟ್ಟಿದ ದಿನ, ನ್ಯಾಷನಲ್ ಇನ್ಶುರೆನ್ಸ್ ನಂಬರ್ ಕೇಳುತ್ತಾರೆ. ಆ ನಂಬರ್ ಇನ್ನೂ ಬಂದಿಲ್ಲವಾದರೆ ಕಾರಣ ಬರೆಯಿರಿ, ಕೌನ್ಸಿಲ್‌ನವರು ಬೇರೆ ದಾಖಲೆ ಕೇಳಿ ಮುಂದುವರಿಸುತ್ತಾರೆ. ಪಟ್ಟಿಯಲ್ಲಿ ಹೆಸರಿದ್ದರೆ ಕ್ರೆಡಿಟ್ ಸ್ಕೋರ್‌ಗೂ ಒಳ್ಳೆಯದು.

ಎಡವುವುದು ಬೇರೆ ಕಡೆ. ಊರಲ್ಲಿ ಮನೆಯ ಯಜಮಾನರು ಎಲ್ಲರ ಕಾಗದಪತ್ರ ನೋಡಿಕೊಳ್ಳುವುದು ವಾಡಿಕೆ, ಅದನ್ನೇ ಇಲ್ಲಿಗೂ ತರುತ್ತೇವೆ. 2014ರಿಂದ ಇಲ್ಲಿ ಒಬ್ಬೊಬ್ಬರೂ ಬೇರೆ ಬೇರೆಯಾಗಿಯೇ ನೋಂದಾಯಿಸಿಕೊಳ್ಳಬೇಕು. ವರ್ಷಕ್ಕೊಮ್ಮೆ ಕೌನ್ಸಿಲ್‌ನಿಂದ ‘ಈ ಮನೆಯಲ್ಲಿ ಯಾರ್‍ಯಾರಿದ್ದೀರಿ’ ಎಂದು ಕೇಳುವ ಕಾಗದ ಬರುತ್ತದೆ. ಅದರಲ್ಲಿ ಹೆಂಡತಿಯ ಹೆಸರು ಬರೆದು ಕಳಿಸಿದ ಮಾತ್ರಕ್ಕೆ ಅವರ ಹೆಸರು ಮತದಾರರ ಪಟ್ಟಿಗೆ ಸೇರುವುದಿಲ್ಲ. ಗಂಡ ಮತ ಹಾಕಿ ಬರುತ್ತಾನೆ, ಹೆಂಡತಿಯ ಹೆಸರೇ ಇರುವುದಿಲ್ಲ. ನಮ್ಮವರ ಮನೆಗಳಲ್ಲಿ ಇದು ನಡೆಯುತ್ತಲೇ ಇದೆ. ಬಾಡಿಗೆ ಮನೆ ಬದಲಿಸಿದಾಗಲೂ ಅಷ್ಟೆ, ಹಳೆಯ ವಿಳಾಸದ ಹೆಸರು ತಾನಾಗಿ ಹೊಸ ಮನೆಗೆ ಬರುವುದಿಲ್ಲ.

ಇನ್ನೊಂದು, ನಮ್ಮ ಹೆಸರುಗಳ ತೊಡಕು. 2022ರ ಎಲೆಕ್ಷನ್ಸ್ ಆಕ್ಟ್ ಬಂದ ಮೇಲೆ ಮತಗಟ್ಟೆಯಲ್ಲಿ ಫೋಟೋ ಇರುವ ಗುರುತಿನ ಚೀಟಿ ತೋರಿಸಬೇಕು. ಸಾರ್ವತ್ರಿಕ ಚುನಾವಣೆಯಲ್ಲಿ ಅದು ಮೊದಲು ಜಾರಿಯಾದದ್ದು 2024ರಲ್ಲಿ. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಬ್ರಿಟನ್ನಿನ ಡ್ರೈವಿಂಗ್ ಲೈಸೆನ್ಸ್, ಎಲ್‌ಬೋರ್ಡ್‌ನವರ ಪ್ರೊವಿಷನಲ್ ಲೈಸೆನ್ಸ್ ಕೂಡ ನಡೆಯುತ್ತದೆ. ಅವಧಿ ಮುಗಿದಿದ್ದರೂ ಫೋಟೋದಲ್ಲಿ ನೀವು ನೀವೇ ಎಂದು ಗೊತ್ತಾದರೆ ಸಾಕು. ಆಧಾರ್, ಪ್ಯಾನ್, ಆಫೀಸಿನ ಬ್ಯಾಡ್ಜ್ ನಡೆಯುವುದಿಲ್ಲ. ಫೋನಿನಲ್ಲಿ ತೆಗೆದಿಟ್ಟ ಪಾಸ್‌ಪೋರ್ಟ್ ಚಿತ್ರವೂ ನಡೆಯುವುದಿಲ್ಲ. ತಂದೆಯ ಹೆಸರು, ಊರಿನ ಹೆಸರು ಎಲ್ಲವನ್ನೂ ಇನಿಷಿಯಲ್‌ನಲ್ಲಿ ಅಡಗಿಸುವ ನಮ್ಮ ಪದ್ಧತಿಯಿಂದಾಗಿ ಪಟ್ಟಿಯಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಹೆಸರು ಆಗಿಬಿಡುತ್ತದೆ. ಸಣ್ಣಪುಟ್ಟ ವ್ಯತ್ಯಾಸವಿದ್ದರೆ ಒಪ್ಪುತ್ತಾರೆ. ಪೂರ್ತಿ ಬೇರೆಯಾಗಿ ಕಂಡರೆ ಬ್ಯಾಲಟ್ ಕೊಡುವುದಿಲ್ಲ. ಆದ್ದರಿಂದ ನೋಂದಾಯಿಸುವಾಗ ಪಾಸ್‌ಪೋರ್ಟನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹಾಗೇ ಬರೆಯಿರಿ. ಮದುವೆಯಾಗಿ ಹೆಸರು ಬದಲಿಸಿಕೊಂಡವರು ಮ್ಯಾರೇಜ್ ಸರ್ಟಿಫಿಕೇಟ್ ಜೊತೆಗೆ ಒಯ್ಯಲಿ.

ಇಷ್ಟಾದರೆ ನೀವು ಮತದಾರರು. ಆದರೆ ಇಲ್ಲಿನ ಚುನಾವಣೆಯ ಬಿಸಿ ಹೊಸಬರಿಗೆ ಚರ್ಮಕ್ಕೆ ತಾಗುವುದೇ ಇಲ್ಲ. 2024ರ ಮೇ 22ರಂದು ಆಗಿನ ಪ್ರಧಾನಿ ರಿಷಿ ಸುನಕ್ ಮಳೆಯಲ್ಲಿ ನೆನೆಯುತ್ತ ಡೌನಿಂಗ್ ಸ್ಟ್ರೀಟಿನಲ್ಲಿ ನಿಂತು ಜುಲೈ 4ಕ್ಕೆ ಚುನಾವಣೆ ಎಂದರು. ಅವರ ಹೆಂಡತಿ ಅಕ್ಷತಾ ಮೂರ್ತಿ ಹುಬ್ಬಳ್ಳಿಯಲ್ಲಿ ಹುಟ್ಟಿದವರಾದ್ದರಿಂದ ನಮ್ಮ ಕಡೆಯ ಅಳಿಯನೇ ಪ್ರಧಾನಿ ಅನ್ನುವ ಕುತೂಹಲ ನಮ್ಮವರಿಗೆ ಇತ್ತು. ಆದರೂ ಬೀದಿಯಲ್ಲಿ ಆಟೋಗೆ ಕಟ್ಟಿದ ಮೈಕಿಲ್ಲ, ಬಾವುಟದ ತೋರಣವಿಲ್ಲ. ಗುರುವಾರ ಮತದಾನ, ರಜೆ ಇಲ್ಲ, ಬೆರಳಿಗೆ ಶಾಯಿ ಇಲ್ಲ. ಯಾರಿಗೂ ಆಸಕ್ತಿಯೇ ಇಲ್ಲವೇನೋ ಅನ್ನಿಸುತ್ತದೆ. ಹಾಗಲ್ಲ. ಜನ ಮಾತಾಡುತ್ತಾರೆ, ಮಾತಾಡುವ ಬಗೆ ಬೇರೆ. ‘ನಿಮ್ಮ ವೋಟು ಯಾರಿಗೆ’ ಎಂದು ಇಲ್ಲಿ ನೇರವಾಗಿ ಕೇಳುವುದು ಸಂಬಳ ಕೇಳಿದಷ್ಟೇ ಮುಜುಗರದ ಮಾತು. ‘ಈ ಸಲ ನಮ್ಮ ಕಡೆ ಯಾರು ಬರಬಹುದು’ ಎಂದು ಕೇಳಿ ನೋಡಿ, ಸ್ಕೂಲ್ ಗೇಟಿನಲ್ಲಿ ನಿಂತ ತಾಯಿ ಹತ್ತು ನಿಮಿಷ ಬಿಡದೆ ಮಾತಾಡುತ್ತಾರೆ. ಬೆಳಗ್ಗೆ 8ಕ್ಕೆ ಫೋನ್ ಹಚ್ಚಿದರೂ ಸಿಗದ ಜಿಪಿ (ಬಡಾವಣೆಯ ಡಾಕ್ಟರ್) ಅಪಾಯಿಂಟ್‌ಮೆಂಟ್, ಹೊಳೆಗೆ ಬಿಡುವ ಚರಂಡಿ ನೀರು, ಏರಿದ ಮಾರ್ಟ್‌ಗೇಜ್ ಬಡ್ಡಿ, ರಸ್ತೆಯ ಗುಂಡಿ, ಇಂಗ್ಲಿಷ್ ಚಾನೆಲ್ ಕಡಲು ದಾಟಿ ವಲಸಿಗರನ್ನು ತರುವ ದೋಣಿಗಳು. ಅಭಿಪ್ರಾಯ ತಿಳಿಯುವುದು ಇಂಥ ಮಾತುಗಳಿಂದಲೇ. ವಲಸಿಗರ ವಿಷಯ ನಿಮ್ಮೆದುರೇ ಬಂದಾಗ ಮನಸ್ಸಿಗೆ ಚುಚ್ಚುತ್ತದೆ, ನಿಜ. ಆಗ ಎದ್ದು ಹೋಗಬೇಡಿ. ನೀವು ತೆರಿಗೆ ಕಟ್ಟಿ, ಅದರ ಮೇಲೆ ಹೆಲ್ತ್ ಸರ್ಚಾರ್ಜ್ ಎಂದು ದುಡಿಯಲು ಬಂದ ವಯಸ್ಕರ ತಲೆಗೆ ವರ್ಷಕ್ಕೆ 1,035 ಪೌಂಡ್ ಮೊದಲೇ ಕಟ್ಟಿ ಬಂದವರು ಎಂಬುದು ನಿಮ್ಮ ಸುತ್ತ ಕೂತ ಬಹಳ ಜನಕ್ಕೆ ತಿಳಿದಿರುವುದಿಲ್ಲ. ಹೇಳಿ.

ಮುನ್ಸೂಚನೆಗಳನ್ನು ನಂಬುವ ವಿಷಯದಲ್ಲಿ ಸ್ವಲ್ಪ ಲೆಕ್ಕ ಕಲಿಯಬೇಕು. ಬೆಟ್ಟಿಂಗ್ ಇಲ್ಲಿ ಕಾನೂನುಬದ್ಧವಾದ್ದರಿಂದ ಅದರ ದರವೂ ಸುದ್ದಿಯಾಗುತ್ತದೆ, ದಿನಕ್ಕೊಂದು ಸಮೀಕ್ಷೆ ಬರುತ್ತದೆ. ಅವುಗಳಲ್ಲಿ ಬರುವುದು ಹೆಚ್ಚಾಗಿ ದೇಶದ ಒಟ್ಟು ಶೇಕಡಾವಾರು. ಸೀಟು ಕೊಡುವುದು ಕ್ಷೇತ್ರ. 2024ರಲ್ಲಿ ಲೇಬರ್ ಪಕ್ಷಕ್ಕೆ ಶೇ. 33.7 ಮತ ಬಿದ್ದು 650ರಲ್ಲಿ 411 ಸೀಟು ಬಂತು. ರಿಫಾರ್ಮ್ ಯುಕೆ ಪಕ್ಷಕ್ಕೆ ಶೇ. 14.3 ಮತ, 5 ಸೀಟು. ಅದಕ್ಕಿಂತ ಕಡಿಮೆ, ಶೇ. 12.2 ಮತ ಪಡೆದ ಲಿಬರಲ್ ಡೆಮಾಕ್ರಟರಿಗೆ 72 ಸೀಟು. 2018ರ ಕರ್ನಾಟಕ ನೆನಪಿರುವವರಿಗೆ ಇದು ಹೊಸದಲ್ಲ: ಹೆಚ್ಚು ಮತ ಕಾಂಗ್ರೆಸ್ಸಿಗೆ, ಹೆಚ್ಚು ಸೀಟು ಬಿಜೆಪಿಗೆ. ಹಾಗಾಗಿ ಮೊದಲು ನಿಮ್ಮ ಪೋಸ್ಟ್‌ಕೋಡ್ ಯಾವ ಕ್ಷೇತ್ರಕ್ಕೆ ಬರುತ್ತದೆ ನೋಡಿ, 2024ರಲ್ಲಿ ಗಡಿಗಳು ಬದಲಾಗಿವೆ. ಕಳೆದ ಸಲ ಅಲ್ಲಿ ಎಷ್ಟು ಮತಗಳ ಅಂತರವಿತ್ತು ಎಂದು ನೋಡಿ. ಬಾಗಿಲಿಗೆ ಬೀಳುವ ಪಾಂಪ್ಲೆಟ್‌ಗಳಲ್ಲಿ ‘ಇಲ್ಲಿ ಗೆಲ್ಲಬಲ್ಲವರು ನಾವು ಮಾತ್ರ’ ಎಂದು ಮತಗಳ ಲೆಕ್ಕ ತೋರಿಸುವ ಕಂಬದ ಚಿತ್ರ (ಬಾರ್ ಚಾರ್ಟ್) ಇರುತ್ತದೆ. ಅದರ ಕೆಳಗಿನ ಸಣ್ಣ ಅಕ್ಷರ ಓದಿ. ಅಂಕಿ ಕೌನ್ಸಿಲ್ ಚುನಾವಣೆಯದ್ದೋ, ಹಳೆಯ ಗಡಿಯದ್ದೋ, ಬೇರೆ ವರ್ಷದ್ದೋ ಆಗಿರಬಹುದು.

ಅಂತರ ಎಷ್ಟು ಸಣ್ಣದಿರುತ್ತದೆ ಎಂಬುದಕ್ಕೆ ನಮ್ಮವರದ್ದೇ ಉದಾಹರಣೆ ಇದೆ. ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್‌ನ ಮೇಯರ್ ಆಗಿದ್ದವರು. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯ ಹಿಂದೆ ಇರುವುದು ಅವರ ಶ್ರಮ. 2017ರಲ್ಲಿ ಪಟ್ನಿ ಕ್ಷೇತ್ರದಲ್ಲಿ ಲೇಬರ್ ಅಭ್ಯರ್ಥಿಯಾಗಿ ನಿಂತು 1,554 ಮತಗಳಿಂದ ಸೋತರು. ಪಕ್ಷ ಯಾವುದೇ ಇರಲಿ, ಅಷ್ಟು ಮತ ಅಂದರೆ ನಾಲ್ಕಾರು ಬೀದಿಗಳ ಜನ.

ಸಂಜೆ ಆರೇಳು ಗಂಟೆಗೆ ಬಾಗಿಲು ತಟ್ಟುವ, ಎದೆಗೆ ರಿಬ್ಬನ್ನಿನ ಹೂವು ಚುಚ್ಚಿಕೊಂಡ ಕಾರ್ಯಕರ್ತರನ್ನು ನಮ್ಮವರು ಸೇಲ್ಸ್‌ನವರೆಂದು ತಿಳಿದು ಬಾಗಿಲು ಹಾಕುತ್ತಾರೆ. ಒಳ್ಳೆಯ ಅವಕಾಶ ಕೈಬಿಟ್ಟಂತೆ. ಅವರ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಒಲವು ಬರೆದುಕೊಳ್ಳುತ್ತಾರೆ. ಒಲವು ಹೇಳಲೇಬೇಕೆಂದಿಲ್ಲ, ಪ್ರಶ್ನೆ ಮಾತ್ರ ಕೇಳಲೇಬೇಕು. ಸ್ಕಿಲ್ಡ್ ವರ್ಕರ್ ವೀಸಾದ ಕನಿಷ್ಠ ಸಂಬಳ 2024ರ ಏಪ್ರಿಲ್‌ನಲ್ಲಿ 38,700 ಪೌಂಡ್ ಆಯಿತು, 2025ರ ಜುಲೈನಲ್ಲಿ 41,700 ಆಯಿತು. ಕೇರ್ ವರ್ಕರ್‌ಗಳು ಹೆಂಡತಿ ಮಕ್ಕಳನ್ನು ಕರೆತರುವುದು 2024ರ ಮಾರ್ಚ್‌ನಿಂದ ನಿಂತಿತು. ಕಾಯಂ ವಾಸದ ಅವಧಿಯನ್ನು ಐದು ವರ್ಷದಿಂದ ಹತ್ತಕ್ಕೆ ಏರಿಸುವ ಪ್ರಸ್ತಾಪ 2025ರ ಮೇನಲ್ಲಿ ಬಂತು. ನಮ್ಮ ಅಡುಗೆಮನೆಗಳಲ್ಲಿ ರಾತ್ರಿ ಹೊತ್ತು ಹೆದರಿ ಮಾತಾಡಿಕೊಳ್ಳುವ ಈ ವಿಷಯಗಳನ್ನು ಮತ ಕೇಳಲು ಬಂದವರ ಮುಂದೆ ಇಡದಿದ್ದರೆ ಮತ್ತೆ ಯಾರ ಮುಂದೆ ಇಡುವುದು? ಚರ್ಚ್ ಹಾಲ್, ಶಾಲೆ, ದೇವಸ್ಥಾನಗಳಲ್ಲಿ ಎಲ್ಲ ಅಭ್ಯರ್ಥಿಗಳನ್ನೂ ಕೂರಿಸಿ ಪ್ರಶ್ನೆ ಕೇಳುವ ಹಸ್ಟಿಂಗ್ಸ್ ನಡೆಯುತ್ತವೆ. ಮುಂದಿನ ಸಾಲಿನಲ್ಲಿ ಕೂತು ಕೈ ಎತ್ತಿ.

ಕನ್ನಡ ಸಂಘಗಳ ಪದಾಧಿಕಾರಿಗಳಿಗೆ ಒಂದು ಎಚ್ಚರಿಕೆ. ಸಂಘ ಚಾರಿಟಿಯಾಗಿ ನೋಂದಣಿಯಾಗಿದ್ದರೆ ಯಾವ ಪಕ್ಷವನ್ನೂ, ಅಭ್ಯರ್ಥಿಯನ್ನೂ ಬೆಂಬಲಿಸುವಂತಿಲ್ಲ. ಪ್ರಚಾರದ ದಿನಗಳಲ್ಲಿ ಒಬ್ಬರೇ ಅಭ್ಯರ್ಥಿಯನ್ನು ವೇದಿಕೆಗೆ ಕರೆದು ಮೈಸೂರು ಪೇಟ ತೊಡಿಸಿ ಮೈಕ್ ಕೊಡುವುದು ಅತಿಥಿ ಸತ್ಕಾರ ಅನ್ನಿಸಬಹುದು, ಚಾರಿಟಿ ಕಮಿಷನ್‌ಗೆ ಹಾಗೆ ಕಾಣುವುದಿಲ್ಲ. ಸಂಘದ ವಾಟ್ಸಾಪ್ ಗ್ರೂಪನ್ನೂ ಪಕ್ಷದ ಫಾರ್ವರ್ಡ್‌ಗಳಿಂದ ದೂರವಿಡಿ.

ಕೊನೆಯ ದಿನಾಂಕಗಳು ಕಟ್ಟುನಿಟ್ಟು. ಮತದಾನಕ್ಕೆ 12 ಕೆಲಸದ ದಿನ ಮೊದಲು ನೋಂದಣಿ ಮುಗಿಯುತ್ತದೆ, 11 ಕೆಲಸದ ದಿನ ಮೊದಲು ಸಂಜೆ 5ಕ್ಕೆ ಪೋಸ್ಟಲ್ ಮತದ ಅರ್ಜಿ, 6 ಕೆಲಸದ ದಿನ ಮೊದಲು ಸಂಜೆ 5ಕ್ಕೆ ಪ್ರಾಕ್ಸಿ (ನಿಮ್ಮ ಪರವಾಗಿ ಇನ್ನೊಬ್ಬರು ಮತ ಹಾಕುವ) ಅರ್ಜಿ. ಫೋಟೋ ಗುರುತಿನ ಚೀಟಿಯೇ ಇಲ್ಲದವರು ಉಚಿತ ವೋಟರ್ ಅಥಾರಿಟಿ ಸರ್ಟಿಫಿಕೇಟ್ ಕೇಳುವುದಕ್ಕೂ ಅದೇ 6 ದಿನದ ಗಡುವು. ಬೇಸಿಗೆಯಲ್ಲಿ ಊರಿಗೆ ಹೊರಡುವವರು ಪೋಸ್ಟಲ್ ಬ್ಯಾಲಟನ್ನು ಬೆಂಗಳೂರಿಗೆ ತರಿಸಿಕೊಳ್ಳುವ ಯೋಚನೆ ಬಿಡಿ, ಅದು ಹೋಗಿ ವಾಪಸ್ ಬರುವಷ್ಟರಲ್ಲಿ ಎಣಿಕೆ ಮುಗಿದಿರುತ್ತದೆ. ನಂಬಿಕೆಯ ಒಬ್ಬರನ್ನು ಪ್ರಾಕ್ಸಿ ಮಾಡಿ, ಅವರು ತಮ್ಮದೇ ಗುರುತಿನ ಚೀಟಿ ತೋರಿಸಿ ನಿಮ್ಮ ಮತ ಹಾಕುತ್ತಾರೆ.

ಇಲ್ಲೇ ಇದ್ದು ಪೋಸ್ಟಲ್ ಮತ ಹಾಕುವವರು ಎರಡು ಲಕೋಟೆಗಳ ಕ್ರಮ ಗಮನಿಸಿ. ಬ್ಯಾಲಟ್ ‘ಎ’ ಲಕೋಟೆಗೆ. ಸಹಿ ಮಾಡಿದ ಹೇಳಿಕೆಯ ಜೊತೆಗೆ ಆ ‘ಎ’ ಲಕೋಟೆ ‘ಬಿ’ಗೆ. ಹೇಳಿಕೆಯಲ್ಲಿ ಕೇಳುವುದು ನಿಮ್ಮ ಹುಟ್ಟಿದ ದಿನಾಂಕ. ಸಹಿಯ ಪಕ್ಕ ಇವತ್ತಿನ ತಾರೀಖು ಬರೆಯುವ ಅಭ್ಯಾಸದಿಂದ ಅದನ್ನೇ ಬರೆದರೆ ಮತ ತಿರಸ್ಕಾರ. ಅರ್ಜಿಯಲ್ಲಿ ಕನ್ನಡದಲ್ಲಿ ಸಹಿ ಹಾಕಿದ್ದರೆ ಹೇಳಿಕೆಗೂ ಕನ್ನಡದಲ್ಲೇ ಹಾಕಿ, ಎರಡನ್ನೂ ಹೋಲಿಸಿ ನೋಡುತ್ತಾರೆ.

ಮತಗಟ್ಟೆ ಬೆಳಗ್ಗೆ 7ರಿಂದ ರಾತ್ರಿ 10. ರಾತ್ರಿ 10ಕ್ಕೆ ಸಾಲಿನಲ್ಲಿದ್ದರೂ ಮತ ಉಂಟು. ಮೊದಲೇ ಮನೆಗೆ ಬರುವ ಪೋಲ್ ಕಾರ್ಡ್ ಇಲ್ಲದಿದ್ದರೂ ಪರವಾಗಿಲ್ಲ. ಬಾಗಿಲಲ್ಲಿ ಪಕ್ಷದ ಹೂವು ತೊಟ್ಟವರು ಮತದಾರರ ಪಟ್ಟಿಯಲ್ಲಿನ ನಿಮ್ಮ ನಂಬರ್ ಕೇಳಿದರೆ ಕೊಡುವುದು ಬಿಡುವುದು ನಿಮ್ಮಿಷ್ಟ, ಅವರು ಅಧಿಕಾರಿಗಳಲ್ಲ. ಒಳಗೆ ಪ್ಲೈವುಡ್ಡಿನ ಪುಟ್ಟ ಗೂಡು, ದಾರ ಕಟ್ಟಿದ ಪೆನ್ಸಿಲ್. ಇವಿಎಂ ಒತ್ತಿ ಅಭ್ಯಾಸವಾದ ಬೆರಳಿಗೆ ಕಾಗದ ಹೊಸದು. ಅಭ್ಯರ್ಥಿಗಳು ಸರ್‌ನೇಮ್‌ನ ಅಕ್ಷರಕ್ರಮದಲ್ಲಿರುತ್ತಾರೆ; ನಿಮಗೆ ಬೇಕಾದವರ ಹೆಸರಿನ ಮುಂದೆ ಒಂದೇ ಒಂದು ಇಂಟು ಮಾರ್ಕ್. ಹೆಸರು, ಸಹಿ ಏನನ್ನೂ ಬರೆಯಬೇಡಿ, ಗುರುತು ಹಿಡಿಯುವಂತಿದ್ದರೆ ಮತ ಅಸಿಂಧು. ತಪ್ಪಾದರೆ ಡಬ್ಬಿಗೆ ಹಾಕುವ ಮುನ್ನ ಹೇಳಿ, ಬೇರೆ ಬ್ಯಾಲಟ್ ಕೊಡುತ್ತಾರೆ.

ಮಕ್ಕಳನ್ನು ಜೊತೆಗೆ ಕರೆದೊಯ್ಯಬಹುದು, ಕರೆದೊಯ್ಯಿರಿ. ಅರಳೀಕಟ್ಟೆಯ ವಾದ, ಎಣಿಕೆಯ ದಿನ ರೇಡಿಯೋ ಸುತ್ತ ಕೂತ ಅಜ್ಜನ ಗೆಳೆಯರು, ಇವು ಈ ಮಕ್ಕಳಿಗೆ ಸಿಗುವುದಿಲ್ಲ. ನಾವು ಕಳೆದುಕೊಂಡದ್ದನ್ನು ಅವರಿಗೆ ಕಟ್ಟಿಕೊಡಲು ಆಗುವುದೂ ಇಲ್ಲ. ಅವರಿಗೆ ಸಿಗುವುದು ಈ ಪೆನ್ಸಿಲ್ಲು, ರಾತ್ರಿ 10ರ ಎಕ್ಸಿಟ್ ಪೋಲ್. ಬಿಬಿಸಿ, ಐಟಿವಿ, ಸ್ಕೈ ಮೂವರೂ ಸೇರಿ ಮಾಡುವ ಅದು 2024ರಲ್ಲಿ ಲೇಬರ್‌ಗೆ 410 ಎಂದಿತ್ತು, ಬಂದದ್ದು 411. ರಿಫಾರ್ಮ್‌ಗೆ 13 ಎಂದಿತ್ತು, ಬಂದದ್ದು 5. ಸಣ್ಣ ಪಕ್ಷಗಳ ಅಂದಾಜು ಅಷ್ಟು ಗಟ್ಟಿಯಲ್ಲ. ಸುನಕ್ ತಮ್ಮ ಕ್ಷೇತ್ರದ ಫಲಿತಾಂಶ ಕೇಳುವಾಗ ತಲೆಗೆ ಕಸದ ಡಬ್ಬಿಯಂಥ ಮುಖವಾಡ ತೊಟ್ಟ ಕೌಂಟ್ ಬಿನ್‌ಫೇಸ್ ಎಂಬ ಅಭ್ಯರ್ಥಿಯೂ ಅದೇ ವೇದಿಕೆಯಲ್ಲಿದ್ದ. ಪ್ರಧಾನಿಯೂ ಎಲ್ಲರ ಜೊತೆ ನಿಂತೇ ತನ್ನ ಲೆಕ್ಕ ಕೇಳಬೇಕೆಂಬುದನ್ನು ಮಕ್ಕಳು ಕಣ್ಣಾರೆ ನೋಡಲಿ. ಮತದ ವಯಸ್ಸನ್ನು 16ಕ್ಕೆ ಇಳಿಸುವುದಾಗಿ ಸರ್ಕಾರ 2025ರ ಜುಲೈನಲ್ಲಿ ಹೇಳಿದೆ. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನ ಸ್ವಂತ ಸಂಸತ್ತುಗಳಿಗೆ ಆಗಲೇ ಆ ವಯಸ್ಸಿದೆ. ಅದು ಜಾರಿಯಾದರೆ ಈಗ ಹೈಸ್ಕೂಲಿನಲ್ಲಿರುವ ಮಗು ಮುಂದಿನ ಸಲ ನಿಮ್ಮ ಜೊತೆ ಮತ ಹಾಕಬಹುದು.

ಊರಿನ ಮತವನ್ನೂ ಉಳಿಸಿಕೊಳ್ಳಬಹುದು. ಭಾರತದ ಪೌರರಾಗಿರುವಷ್ಟು ದಿನ ಫಾರಂ 6ಎ ತುಂಬಿ ಸಾಗರೋತ್ತರ ಮತದಾರರಾಗಬಹುದು, ಆದರೆ ಮತಗಟ್ಟೆಗೆ ಖುದ್ದು ಹೋಗಿ ಮೂಲ ಪಾಸ್‌ಪೋರ್ಟ್ ತೋರಿಸಬೇಕು. ಬ್ರಿಟಿಷ್ ಪೌರತ್ವ ಪಡೆದ ದಿನ ಆ ಮತ ಹೋಗುತ್ತದೆ, ಓಸಿಐ ಕಾರ್ಡ್ ಅದನ್ನು ತಂದುಕೊಡುವುದಿಲ್ಲ. ಪೌರತ್ವದ ಅರ್ಜಿಗೆ ಸಹಿ ಹಾಕುವಾಗ ಇದನ್ನು ಮನೆಯಲ್ಲಿ ಕೂತು ಮಾತಾಡಿ.

ಮುಂದಿನ ಸಾರ್ವತ್ರಿಕ ಚುನಾವಣೆ ಹೆಚ್ಚೆಂದರೆ 2029ರ ಆಗಸ್ಟ್ 15ರೊಳಗೆ. ಅದಕ್ಕೆ ಮೊದಲು ಯಾವಾಗ ಬೇಕಾದರೂ ಪ್ರಧಾನಿ ಕರೆಯಬಹುದು, ಕರೆದರೆ ಸಿಗುವುದು ಆರು ವಾರದ ಆಸುಪಾಸು. ಆವರೆಗೆ ಮೇ ತಿಂಗಳ ಸ್ಥಳೀಯ ಚುನಾವಣೆ ಬಂದಾಗೆಲ್ಲ ಹೋಗಿ ಮತ ಹಾಕಿ. ಹೆಸರು ಪಟ್ಟಿಯಲ್ಲಿ ಸರಿಯಾಗಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ, ಸರಿಪಡಿಸಿಕೊಳ್ಳಲು ಸಮಯವೂ ಇರುತ್ತದೆ.