ಕೆಂಪಿನಲ್ಲಿ ತೆಗೆದ ಹಾಲೋಗ್ರಾಂ ಹಸಿರಿನಲ್ಲಿ ಸರಿಯಾಗಿ ಕಾಣಬೇಕಾದರೆ

ನಮ್ಮ ಕಾಲೇಜಿನ ಲ್ಯಾಬಿನಲ್ಲಿರುವ ಹೀಲಿಯಂ-ನಿಯಾನ್ ಲೇಸರ್‌ಗೆ ವಯಸ್ಸಾಗಿದೆ. ಹಾಗಾಗಿ 632.8 ನ್ಯಾನೋಮೀಟರ್ ಕೆಂಪು ಬೆಳಕಿನಲ್ಲಿ ತೆಗೆದ ಹಾಲೋಗ್ರಾಂಗಳನ್ನು (ಲೇಸರ್‌ನಿಂದ ಗಾಜಿನ ಪ್ಲೇಟಿನಲ್ಲಿ ದಾಖಲಿಸಿದ ಮೂರು ಆಯಾಮದ ಚಿತ್ರಗಳನ್ನು) ನಾನು 532ರ ಹಸಿರು ಲೇಸರ್‌ನಲ್ಲಿ ತೋರಿಸುತ್ತೇನೆ. ಪ್ಲೇಟು ಇದ್ದಲ್ಲೇ ಇಟ್ಟು ಲೇಸರ್ ಮಾತ್ರ ಬದಲಿಸಿದರೆ ಚಿತ್ರವೇನೋ ಬರುತ್ತದೆ. ಆದರೆ ಪಕ್ಕಕ್ಕೆ ಸರಿದಿರುತ್ತದೆ, ಹಿಂದಕ್ಕೆ ಹೋಗಿರುತ್ತದೆ, ತಲೆ ಆಡಿಸಿದರೆ ಅದೂ ತೇಲಾಡುತ್ತದೆ.

ಕಾರಣ ಸರಳ. ಪ್ಲೇಟಿನ ಮೇಲಿನ ಗೆರೆಗಳು ಕೆಂಪು ಬೆಳಕಿನ ಅಳತೆಗೆ ಬಿದ್ದಿವೆ. ರೆಫರೆನ್ಸ್ ಕಿರಣ (ತೆಗೆಯುವಾಗ ವಸ್ತುವಿಗೆ ತಾಗದೆ ನೇರ ಪ್ಲೇಟಿಗೆ ಬೀಳುವ ಲೇಸರ್ ಬೆಳಕು) 45 ಡಿಗ್ರಿಯಲ್ಲಿ ಬಂದಿದ್ದರೆ ಒಂದು ಮಿಲಿಮೀಟರಿಗೆ ಸುಮಾರು 1,100 ಗೆರೆ. ಹಸಿರಿನ ಅಲೆ ಚಿಕ್ಕದು, ಅದೇ ಗೆರೆಗಳಲ್ಲಿ ಕಡಿಮೆ ಬಾಗುತ್ತದೆ. 532ನ್ನು 632.8ರಿಂದ ಭಾಗಿಸಿದರೆ 0.84. ಈ ಅಂಕಿ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ.

ಐದು ಸೆಂಟಿಮೀಟರ್ ಎತ್ತರದ ಬಿಳಿ ಚೆಸ್ ಕುದುರೆಯನ್ನೇ ತೆಗೆದುಕೊಳ್ಳಿ. ಅದು ಪ್ಲೇಟಿನ ನೇರ ಹಿಂದೆ 20 ಸೆಂ.ಮೀ. ದೂರದಲ್ಲಿತ್ತು. ರೆಫರೆನ್ಸ್ ಬೆಳಕು ಹರಡುವ ಬಿಂದು 60 ಸೆಂ.ಮೀ. ದೂರದಲ್ಲಿ, 45 ಡಿಗ್ರಿ ಓರೆಯಲ್ಲಿತ್ತು.

ಮೊದಲು ಕೋನ ಸರಿಮಾಡಿ. 45 ಡಿಗ್ರಿಯ ಸೈನ್ ಬೆಲೆ 0.707. ಅದನ್ನು 0.84ರಿಂದ ಗುಣಿಸಿದರೆ 0.594, ಅಂದರೆ 36.5 ಡಿಗ್ರಿ. ಹಸಿರು ಕಿರಣವನ್ನು ಅಲ್ಲಿಗೆ ತಿರುಗಿಸಿ. 45ರಲ್ಲೇ ಬಿಟ್ಟರೆ ಕುದುರೆ ಆರೂವರೆ ಡಿಗ್ರಿ ಪಕ್ಕಕ್ಕೆ ಕಾಣುತ್ತದೆ.

ಆಮೇಲೆ ದೂರ. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ನನಗೆ ಇದೇ ಮುಖ್ಯ. ಬಿಂದುವನ್ನು 60ರಲ್ಲೇ ಇಟ್ಟರೆ ಕುದುರೆ ಸುಮಾರು 22 ಸೆಂ.ಮೀ.ಗೆ ಹಿಂದೆ ಸರಿಯುತ್ತದೆ. ಹೊಸ ದೂರಕ್ಕೆ ಲೆಕ್ಕ ಹೀಗೆ: 0.16ನ್ನು (ಒಂದರಲ್ಲಿ 0.84 ಕಳೆದರೆ ಉಳಿಯುವುದು) 20ರಿಂದ ಭಾಗಿಸಿ, 0.84ನ್ನು 60ರಿಂದ ಭಾಗಿಸಿ, ಎರಡನ್ನೂ ಕೂಡಿಸಿ. 0.022 ಬರುತ್ತದೆ. ಒಂದನ್ನು ಅದರಿಂದ ಭಾಗಿಸಿದರೆ 45.5. ಬೆಳಕು ಹರಡುವ ಲೆನ್ಸನ್ನು ಅಷ್ಟು ಹತ್ತಿರಕ್ಕೆ ತನ್ನಿ. ಕುದುರೆ ಮತ್ತೆ 20ಕ್ಕೆ ಬಂದು ನಿಲ್ಲುತ್ತದೆ.

ಆದರೆ ಈಗ ಅದರ ಎತ್ತರ 4.2 ಸೆಂ.ಮೀ. ಅಷ್ಟೇ. ಇದಕ್ಕೆ ಬೇಜಾರು ಬೇಡ. ಅಗಲ, ಎತ್ತರ, ಆಳ ಮೂರೂ ಒಂದೇ ಪ್ರಮಾಣದಲ್ಲಿ ಕುಗ್ಗಿರುತ್ತವೆ, ಹಾಗಾಗಿ ಕುದುರೆಯ ರೂಪ ಕೆಡುವುದಿಲ್ಲ. ರೆಫರೆನ್ಸೂ ನೋಡುವ ಬೆಳಕೂ ಎರಡೂ ಸಮಾಂತರ ಕಿರಣವಾದರೆ ಎತ್ತರ ಐದೇ ಇರುತ್ತದೆ, ಆದರೆ ಆಳ 19 ಶೇಕಡಾ ಹಿಗ್ಗಿ ಮೂತಿ ಉದ್ದವಾಗುತ್ತದೆ. ಗಾತ್ರ, ಆಳ ಎರಡನ್ನೂ ಮೂಲದಂತೆಯೇ ಉಳಿಸಲು ಆಗುವುದಿಲ್ಲ. ನನ್ನ ಆಯ್ಕೆ ಯಾವಾಗಲೂ ರೂಪ. ಈ ಲೆಕ್ಕ ಒಂದೇ ಆಳಕ್ಕೆ ಪೂರ್ತಿ ಸರಿ, ಆದ್ದರಿಂದ ದೃಶ್ಯದಲ್ಲಿ ಮುಖ್ಯವಾದ ವಸ್ತುವಿನ ದೂರವನ್ನೇ ಹಾಕಿ.

ಇಷ್ಟಾದರೂ ಸ್ವಲ್ಪ ಅಸ್ಟಿಗ್ಮಾಟಿಸಂ, ಅಂದರೆ ಅಡ್ಡಗೆರೆ, ಲಂಬಗೆರೆ ಬೇರೆ ಬೇರೆ ದೂರದಲ್ಲಿ ಚೂಪಾಗುವ ದೋಷ, ಉಳಿಯುತ್ತದೆ. ಕುದುರೆಯ ಜಾಗದಲ್ಲಿ ಗ್ರಾಫ್ ಹಾಳೆ ಇಟ್ಟು ತೆಗೆದ ಪ್ಲೇಟಿನಲ್ಲಿ ನೋಡಿ: ಅಡ್ಡಗೆರೆ 20ರಲ್ಲಿ ಚೂಪಾಗಿದ್ದರೆ, ಲಂಬಗೆರೆ ಸುಮಾರು 3 ಮಿ.ಮೀ. ಹಿಂದೆ ಚೂಪಾಗುತ್ತದೆ. ಬರಿಗಣ್ಣಿಗೆ ಇದು ಅಷ್ಟಾಗಿ ತಿಳಿಯುವುದಿಲ್ಲ, ಕಣ್ಣಿನ ಪಾಪೆ ಚಿಕ್ಕದಲ್ವಾ! ಕ್ಯಾಮೆರಾದಲ್ಲಿ ತೆಗೆಯುವಾಗ ಮಾತ್ರ ಅಪರ್ಚರ್ ಕಿರಿದು ಮಾಡಿ.

ಗೆರೆಗಳ ಅಳತೆಯನ್ನೂ ಅಲೆಯ ಪ್ರಮಾಣಕ್ಕೆ ಹೊಂದಿಸಿದರೆ ದೋಷವೇ ಇರುವುದಿಲ್ಲ. 1948ರಲ್ಲಿ ಹಾಲೋಗ್ರಫಿಯ ಜನಕ ಡೆನಿಸ್ ಗಾಬೋರ್ ಯೋಚಿಸಿದ್ದು ಅದನ್ನೇ: ಎಲೆಕ್ಟ್ರಾನ್ ಅಲೆಯಲ್ಲಿ ಹಾಲೋಗ್ರಾಂ ತೆಗೆದು, ಅದನ್ನು ಹಿಗ್ಗಿಸಿ, ಬೆಳಕಿನಲ್ಲಿ ನೋಡುವುದು. ನಮ್ಮ ಗಾಜಿನ ಪ್ಲೇಟನ್ನು 84 ಶೇಕಡಾಕ್ಕೆ ಕುಗ್ಗಿಸಲು ಆಗದು, ಅದಕ್ಕೇ ಲೆನ್ಸ್ ಸರಿಸುತ್ತೇವೆ.

ಇದೆಲ್ಲ ಟ್ರಾನ್ಸ್‌ಮಿಷನ್ ಹಾಲೋಗ್ರಾಂಗೆ (ಬೆಳಕು ಪ್ಲೇಟನ್ನು ಹಾದುಬಂದು ಚಿತ್ರ ತೋರಿಸುವಂಥದ್ದು) ಮಾತ್ರ. ರಿಫ್ಲೆಕ್ಷನ್ ಹಾಲೋಗ್ರಾಂ (ಬೆಳಕು ಪ್ಲೇಟಿನಿಂದ ಪ್ರತಿಫಲಿಸಿ ಚಿತ್ರ ತೋರಿಸುವಂಥದ್ದು) ತನ್ನ ಬಣ್ಣವನ್ನು ತಾನೇ ಆರಿಸಿಕೊಳ್ಳುತ್ತದೆ, ಅದರ ಮೇಲೆ ಸುಮ್ನೆ ಹಸಿರು ಲೇಸರ್ ಬಿಟ್ಟರೆ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ.