ರುಂಬಾ ಕಲಿಯುವವರು ಸೊಂಟ ಬಿಡಿ, ಮಂಡಿ ನೋಡಿ

ಹೊಸದಾಗಿ ರುಂಬಾದಂಥ ಲ್ಯಾಟಿನ್ ಡ್ಯಾನ್ಸ್ ಕಲಿಯುತ್ತಿರುವವರಿಗೆ ಒಂದು ಮಾತು. ಸೊಂಟ ಬಳುಕುತ್ತಿಲ್ಲ ಅಂತ ಬೇಕಂತಲೇ ಅದನ್ನು ತಿರುಗಿಸೋಕೆ ಹೋಗಬೇಡಿ. ನಾನು ತಿಂಗಳುಗಟ್ಟಲೆ ಅದನ್ನೇ ಮಾಡಿದೆ, ಸಿಕ್ಕಿದ್ದು ಬರೀ ಬೆನ್ನುನೋವು.

ಆ ಬಳುಕು ಹುಟ್ಟುವುದು ಕಾಲಿನಿಂದ. ಮೊದಲು ಪಾದದ ಮುಂಭಾಗ ನೆಲಕ್ಕೆ ಒತ್ತಿ, ಆಮೇಲೆ ಹಿಮ್ಮಡಿ ಇಳಿಸಿ, ಮೈಭಾರ ಪೂರ್ತಿ ಆ ಕಾಲಿನ ಮೇಲೆ ಬರುವ ಹೊತ್ತಿಗೆ ಮಂಡಿ ನೇರವಾಗಲಿ, ಇನ್ನೊಂದು ಮಂಡಿ ಸಡಿಲವಾಗಿ ಬಾಗಲಿ. ಸೊಂಟ ತಾನಾಗಿಯೇ ಭಾರ ಇರುವ ಕಡೆ ಹೋಗಿ ಕೂರುತ್ತದೆ. ಗೋಡೆ ಹಿಡಿದುಕೊಂಡು, ಹಾಡಿಲ್ಲದೆ, ತುಂಬಾ ನಿಧಾನಕ್ಕೆ ಮಾಡಿ ನೋಡಿ.

ನಿಜವಾದ ತಲೆನೋವು ತಾಳದ್ದು. ಇಂಟರ್‌ನ್ಯಾಷನಲ್ ಶೈಲಿಯ ರುಂಬಾದಲ್ಲಿ ತಾಳ ನಾಲ್ಕು ಎಣಿಕೆಯದ್ದು, ಹೆಜ್ಜೆ ಬೀಳುವುದು 2, 3, 4ಕ್ಕೆ. 1ಕ್ಕೆ ಹೊಸ ಹೆಜ್ಜೆಯೇ ಇಲ್ಲ, 4ಕ್ಕೆ ಇಟ್ಟ ಕಾಲಿನ ಮೇಲೆ ಸೊಂಟ ನೆಲೆಯಾಗುವ ಹೊತ್ತು ಅದು. ಆದರೆ ಕಿವಿಗೆ ಜೋರಾಗಿ ಕೇಳುವುದು 1, ಕಾಲು ಸುಮ್ನೆ ಇರುತ್ತಾ? ಅದಕ್ಕೇ ನಾನು ಮೊದಲು ಕುಳಿತುಕೊಂಡು 2-3-4ಕ್ಕೆ ಚಪ್ಪಾಳೆ ತಟ್ಟಿ, 1ಕ್ಕೆ ಉಸಿರು ಬಿಟ್ಟು ಅಭ್ಯಾಸ ಮಾಡಿದೆ. ನೋಡಿದವರು ನಕ್ಕರು, ಆದರೆ ಕೆಲಸ ಮಾಡಿತು.

ಜೊತೆಗೆ ವಾಲ್ಟ್ಸ್ (ಮೂರು ಎಣಿಕೆಯ ಜೋಡಿ ಡ್ಯಾನ್ಸ್) ಕೂಡ ಕಲಿಯುತ್ತಿದ್ದರೆ ಹುಷಾರು. ಅಲ್ಲಿ 1ಕ್ಕೆ ಮುಂದೆ ಹೋಗುವಾಗ ಹಿಮ್ಮಡಿಯೇ ಮೊದಲು ನೆಲ ಮುಟ್ಟಬೇಕು. ಎರಡನ್ನೂ ಒಂದೇ ದಿನ ಅಭ್ಯಾಸ ಮಾಡಿದರೆ ಪಾದಕ್ಕೆ ಗೊಂದಲ ಜಾಸ್ತಿ, ನಾನಂತೂ ದಿನ ಬಿಟ್ಟು ದಿನ ಮಾಡುತ್ತೇನೆ.